ಬಾಡಿಗೆ ಮನೆಯ ಹೆಂಗಸರು ಸಂಘ ಕಟ್ಟುವುದು ಹೇಗೆ? ಮೈಸೂರಿನ ಬಡಾವಣೆಗಳಿಂದ ಒಂದು ಮಾರ್ಗದರ್ಶಿ

ಹೂ ಕಟ್ಟಿ ಮಾರುವ ಹೆಂಗಸೊಬ್ಬಳ ಲೆಕ್ಕ ಇದು. ಬೆಳಗಿನ ಜಾವ ಮಾರ್ಕೆಟ್ಟಿನಿಂದ ಹೂ ತರಲು ಕೈಯಲ್ಲಿ ಕಾಸಿಲ್ಲ. ಬಡ್ಡಿಯವನು 900 ರೂಪಾಯಿ ಕೊಡುತ್ತಾನೆ. ಸಂಜೆ 1,000 ರೂಪಾಯಿ ವಾಪಸ್ ಕೊಡಬೇಕು. ನೂರು ರೂಪಾಯಿ ತಾನೇ ಅನ್ನಿಸುತ್ತದೆ. ತಿಂಗಳಲ್ಲಿ 25 ದಿನ ಹೀಗೆ ತಗೊಂಡರೆ ಬಡ್ಡಿಯೇ 2,500 ರೂಪಾಯಿ. ಮಾರನೇ ತಿಂಗಳ ಮೊದಲ ದಿನವೂ ಅವಳ ಕೈಯಲ್ಲಿ ಸ್ವಂತದ 900 ರೂಪಾಯಿ ಇರುವುದಿಲ್ಲ.

ಅದೇ ಬೀದಿಯಲ್ಲಿ ಹದಿನಾಲ್ಕು ಹೆಂಗಸರು ವಾರಕ್ಕೆ 50 ರೂಪಾಯಿಯಂತೆ ಹಾಕಿದರೆ ಎರಡೇ ವಾರದಲ್ಲಿ 1,400 ರೂಪಾಯಿ ಆಗುತ್ತದೆ. ಅದರಲ್ಲಿ 900 ಅವಳಿಗೆ ಕೊಟ್ಟರೆ ಆಯಿತು. ಬಡ್ಡಿಯವನ ಬಾಗಿಲಿಗೆ ಹೋಗುವುದು ಅಲ್ಲಿಗೆ ನಿಲ್ಲುತ್ತದೆ. ಇಷ್ಟು ಸಣ್ಣ ದುಡ್ಡಿನಿಂದಲೇ ಸಂಘ ಶುರುವಾಗುವುದು.

ನಾನು ಮೈಸೂರಿನಲ್ಲಿ ಕೇಸರೆ, ಗಾಂಧಿನಗರದ ಕಡೆಯ ಕೆಲವು ಸಂಘಗಳ ಜೊತೆ ಕೂತು ಲೆಕ್ಕ ಬರೆದವಳು. ಅವುಗಳಲ್ಲಿ ಮನೆಗೆಲಸದವರು, ಊದುಬತ್ತಿ ಹೊಸೆಯುವವರು, ಬೀಡಿ ಕಟ್ಟುವವರು, ತಳ್ಳುಗಾಡಿಯವರು ಎಲ್ಲರೂ ಇದ್ದರು. ಕೆಲವು ಸಂಘ ನಿಂತವು, ಕೆಲವು ಆರೇ ತಿಂಗಳಿಗೆ ಒಡೆದು ಹೋದವು. ನಿಂತವುಗಳಲ್ಲೆಲ್ಲ ಒಂದು ವಿಷಯ ಸಮಾನವಾಗಿತ್ತು. ಅವರ ಬುಕ್ಕು ಎಲ್ಲರ ಕೈಗೂ ಸಿಗುತ್ತಿತ್ತು. ಓದಲು ಬಾರದವಳಿಗೂ ಅದರಲ್ಲಿ ಏನಿದೆ ಅಂತ ಗೊತ್ತಿತ್ತು. ಕೆಳಗೆ ನಾನು ಹೇಳುವ ಪ್ರತಿ ಹೆಜ್ಜೆಯೂ ಕೊನೆಗೆ ಆ ಬುಕ್ಕಿನ ಹತ್ತಿರವೇ ಬಂದು ನಿಲ್ಲುತ್ತದೆ.

ಮೊದಲು ತಿಳಿಯಿರಿ: ಅದು ಸಂಘವಾ, ಕಂಪನಿ ಸಾಲದ ಗುಂಪಾ?

ನಮ್ಮ ಬಡಾವಣೆಗಳಲ್ಲಿ "ಸಂಘ" ಅನ್ನುವ ಮಾತಿಗೆ ಎರಡು ಅರ್ಥ ಬಂದುಬಿಟ್ಟಿದೆ. "ಇವತ್ತು ಸಂಘಕ್ಕೆ ಕಟ್ಟಬೇಕು" ಅಂತ ಹೆಂಗಸರು ಹೇಳುವಾಗ ಎಷ್ಟೋ ಸಲ ಅದು ಮೈಕ್ರೋಫೈನಾನ್ಸ್ ಕಂಪನಿಯ ಕಂತು. ಐದೋ ಹತ್ತೋ ಜನರನ್ನು ಗುಂಪು ಮಾಡಿ, ಒಬ್ಬರಿಗೊಬ್ಬರು ಜಾಮೀನು ಹಾಕಿಸಿ, ಮೊದಲ ದಿನವೇ ಸಾಲ ಕೊಡುವ ವ್ಯವಸ್ಥೆ ಅದು. ಅಲ್ಲಿ ನಿಮ್ಮ ಉಳಿತಾಯ ಇರುವುದಿಲ್ಲ. ಬಡ್ಡಿ ಎಷ್ಟು ಅಂತ ನೀವು ತೀರ್ಮಾನ ಮಾಡುವುದಿಲ್ಲ. ಬಂದ ಬಡ್ಡಿ ಬೀದಿಯಿಂದ ಆಚೆ ಹೋಗುತ್ತದೆ.

ಸ್ವಸಹಾಯ ಸಂಘದಲ್ಲಿ ಮೊದಲು ಉಳಿತಾಯ, ಆಮೇಲೆ ಸಾಲ. ಬಡ್ಡಿ ನಿಗದಿ ಮಾಡುವುದು ಸದಸ್ಯರೇ, ಬಡ್ಡಿ ಸೇರುವುದೂ ಸಂಘದ ಹಣಕ್ಕೇ. ಈ ದಾರಿಯ ಬೇರು ನಮ್ಮ ಕಡೆಯೇ ಇದೆ. ಟಿಬೆಟ್ ನಿರಾಶ್ರಿತರಿಗೆ ನೆಲೆ ಕಲ್ಪಿಸಲು 1968ರಲ್ಲಿ ಶುರುವಾದ ಮೈರಾಡ ಸಂಸ್ಥೆ, ಎಂಬತ್ತರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಇಂಥ ಸಣ್ಣ ಗುಂಪುಗಳ ಜೊತೆ ಕೆಲಸ ಮಾಡಿತು. ದೊಡ್ಡ ಸಹಕಾರ ಸಂಘಗಳು ಕುಸಿದಾಗ ಜನ ತಾವಾಗಿ ನಂಬಿಕೆಯವರ ಜೊತೆ ಚಿಕ್ಕ ಗುಂಪು ಕಟ್ಟಿಕೊಂಡಿದ್ದರು. ಇಂಥ ಅನುಭವಗಳ ಮೇಲೆಯೇ ಹಳ್ಳಿಗಳ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1992ರಲ್ಲಿ 500 ಗುಂಪುಗಳಿಗೆ ಬ್ಯಾಂಕ್ ಸಾಲ ಜೋಡಿಸುವ ಪ್ರಯೋಗ ಶುರು ಮಾಡಿತು. ನಮ್ಮ ರಾಜ್ಯದ ಸ್ತ್ರೀಶಕ್ತಿ ಗುಂಪುಗಳು ಬಂದಿದ್ದು 2000-01ರಲ್ಲಿ. ಇವೆಲ್ಲ ಹೆಚ್ಚಾಗಿ ಹಳ್ಳಿಯನ್ನು ನೋಡಿ ಮಾಡಿದವು. ನಗರದ ಹೆಂಗಸರಿಗೆ ಅದೇ ಅಂಗಿ ಅಳತೆಗೆ ಕೂರುವುದಿಲ್ಲ, ಸ್ವಲ್ಪ ಬಿಚ್ಚಿ ಹೊಲಿಯಬೇಕು.

ಈಗಾಗಲೇ ಕಂಪನಿ ಸಾಲದಲ್ಲಿ ಸಿಕ್ಕಿಕೊಂಡವರು ಎರಡು ವಿಷಯ ನೆನಪಿಡಿ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತೆ ಮೈಕ್ರೋಫೈನಾನ್ಸ್ ಸಾಲ ಕೊಡಬಾರದು. 2025ರಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿ ತಡೆಯಲು ಕಾನೂನು ತಂದಿದೆ. ಮನೆ ಮುಂದೆ ಕೂತು ಬೈಯುವುದು, ಬೆದರಿಸುವುದು ನಡೆದರೆ ಪೊಲೀಸ್ ಠಾಣೆಗೆ ದೂರು ಕೊಡಬಹುದು. ಒಬ್ಬರೇ ಹೋಗಬೇಡಿ, ನಾಲ್ಕು ಜನ ಹೋಗಿ.

ಯಾರನ್ನು ಸೇರಿಸಬೇಕು

ಹತ್ತರಿಂದ ಇಪ್ಪತ್ತು ಜನ. ನನ್ನ ಅನುಭವದಲ್ಲಿ ಹನ್ನೆರಡರಿಂದ ಹದಿನೈದು ಒಳ್ಳೆಯ ಸಂಖ್ಯೆ. ಇಪ್ಪತ್ತಾದರೆ ಸಭೆ ಉದ್ದವಾಗುತ್ತದೆ, ಹಿಂದೆ ಕೂತವರು ಮಾತಾಡುವುದಿಲ್ಲ.

ಒಬ್ಬರನ್ನೊಬ್ಬರು ಮೊದಲೇ ಬಲ್ಲವರಾಗಿರಲಿ. ಒಂದೇ ನಲ್ಲಿಯಲ್ಲಿ ನೀರು ಹಿಡಿಯುವವರು, ಒಂದೇ ಬಸ್ಸಿನಲ್ಲಿ ಸರಸ್ವತಿಪುರಂ, ಕುವೆಂಪುನಗರದ ಮನೆಗಳಿಗೆ ಕೆಲಸಕ್ಕೆ ಹೋಗುವವರು, ಒಂದೇ ಅಂಗನವಾಡಿಗೆ ಮಕ್ಕಳನ್ನು ಬಿಡುವವರು. ಜಾತಿ, ಧರ್ಮ ಒಂದೇ ಆಗಿರಬೇಕು ಅನ್ನುವ ಮಾತು ಬಂದರೆ ಒಪ್ಪಬೇಡಿ. ನಾನು ನೋಡಿದ ಗಟ್ಟಿ ಸಂಘಗಳಲ್ಲಿ ಒಂದರಲ್ಲಿ ರಂಜಾನ್ ತಿಂಗಳು ಬಂದಾಗ ಸಭೆಯ ಹೊತ್ತನ್ನು ಎಲ್ಲರೂ ಸೇರಿ ಬದಲಿಸುತ್ತಿದ್ದರು, ಗೌರಿ ಹಬ್ಬದ ವಾರ ಇನ್ನೊಂದು ಹೊತ್ತು. ಆದಾಯ ಮಾತ್ರ ಹೆಚ್ಚುಕಮ್ಮಿ ಸಮ ಇರಲಿ. ಸ್ವಂತ ಮನೆಯಿದ್ದು ಬಡ್ಡಿಗೆ ದುಡ್ಡು ಬಿಡುವವಳು ಒಳಗೆ ಬಂದರೆ ಸಂಘ ಆರು ತಿಂಗಳಲ್ಲಿ ಅವಳದ್ದೇ ಆಗುತ್ತದೆ.

ಒಂದು ಮನೆಯಿಂದ ಒಬ್ಬರೇ ಸಾಕು. ಅತ್ತೆ-ಸೊಸೆ ಇಬ್ಬರೂ ಒಂದೇ ಸಂಘದಲ್ಲಿದ್ದರೆ ಸೊಸೆ ಬಾಯಿ ತೆರೆಯುವುದು ಕಷ್ಟ.

ತೀರಾ ಬಡವರು ತಾವಾಗಿ ಬರುವುದಿಲ್ಲ. "ನಮ್ಮ ಕೈಲಿ ಕಟ್ಟೋಕಾಗಲ್ಲ" ಅಂತ ದೂರ ನಿಲ್ಲುತ್ತಾರೆ. ಗಂಡನನ್ನು ಕಳೆದುಕೊಂಡವರು, ಗಂಡ ಬಿಟ್ಟುಹೋದವರು, ಪೌರಕಾರ್ಮಿಕರು, ಅಂಗವೈಕಲ್ಯ ಇರುವ ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗಲಾಗದವರು ಇಂಥವರೇ. ಅವರ ಮನೆ ಬಾಗಿಲಿಗೆ ನೀವೇ ಹೋಗಿ. ಎರಡು ಸಲ ಹೋಗಿ. ವಾರದ ಉಳಿತಾಯವನ್ನು ಅವರಿಗೆ ಸಾಧ್ಯವಾಗುವಷ್ಟಕ್ಕೇ ಇಡಿ. ಜಾಸ್ತಿ ಇರುವವರ ಅಳತೆಗೆ ಉಳಿತಾಯ ನಿಗದಿ ಮಾಡಿದರೆ ಸಂಘ ಯಾರಿಗೆ ಬೇಕಿತ್ತೋ ಅವರೇ ಮೊದಲು ಬಿಟ್ಟುಹೋಗುತ್ತಾರೆ.

ಹೊತ್ತು ಮತ್ತು ಜಾಗ

ಇದು ಚಿಕ್ಕ ವಿಷಯ ಅನ್ನಿಸಬಹುದು. ನಗರದಲ್ಲಿ ಸಂಘ ಒಡೆಯುವುದು ಬಹಳ ಸಲ ಇಲ್ಲೇ. ಮನೆಗೆಲಸದವರು ಬೆಳಿಗ್ಗೆ ಆರಕ್ಕೆ ಹೋಗಿ ಮಧ್ಯಾಹ್ನ ಎರಡಕ್ಕೆ ಬರುತ್ತಾರೆ, ಕೆಲವರಿಗೆ ಸಂಜೆಯೂ ಪಾತ್ರೆ ಕೆಲಸ ಇರುತ್ತದೆ. ಗಾರ್ಮೆಂಟ್ಸ್‌ಗೆ ಹೋಗುವವರಿಗೆ ಭಾನುವಾರ ಮಾತ್ರ ಬಿಡುವು. ಅಧಿಕಾರಿಗಳಿಗೆ ಅನುಕೂಲವಾದ ಬುಧವಾರ ಹನ್ನೊಂದು ಗಂಟೆ ಈ ಹೆಂಗಸರಿಗೆ ಆಗಿಬರುವುದಿಲ್ಲ. ಭಾನುವಾರ ಸಂಜೆ ನಾಲ್ಕು ಗಂಟೆ ನಮ್ಮ ಕಡೆ ಹೊಂದುತ್ತದೆ.

ಜಾಗ ಯಾರದೇ ಒಬ್ಬರ ಮನೆ ಆಗುವುದು ಬೇಡ. ಆ ಮನೆಯವಳೇ ಯಜಮಾನಿ ಆಗುತ್ತಾಳೆ, ಬಾಡಿಗೆ ಮನೆಯಾದರೆ ಓನರ್ ತಕರಾರೂ ಬರುತ್ತದೆ. ಅಂಗನವಾಡಿ, ಸಮುದಾಯ ಭವನ, ದೇವಸ್ಥಾನದ ಜಗಲಿ, ಶಾಲೆಯ ಅಂಗಳ, ಏನೂ ಸಿಗದಿದ್ದರೆ ಬೇವಿನ ಮರದ ಕೆಳಗೆ ಒಂದು ಚಾಪೆ. ಎಲ್ಲರೂ ಸುತ್ತಾಗಿ ಕೂರಬೇಕು. ಕುರ್ಚಿ ಹಾಕಿದರೆ ಎಲ್ಲರಿಗೂ ಹಾಕಿ, ಇಲ್ಲದಿದ್ದರೆ ಯಾರಿಗೂ ಬೇಡ.

ಮೊದಲ ನಾಲ್ಕು ಸಭೆ

ಮೊದಲ ಸಭೆಯಲ್ಲಿ ದುಡ್ಡು ಎತ್ತಬೇಡಿ. ಮಾತಾಡಿ. ಯಾರಿಗೆ ಎಷ್ಟು ಸಾಲ ಇದೆ, ಯಾವ ಬಡ್ಡಿಗೆ, ಮನೆಯಲ್ಲಿ ಯಾವ ತಿಂಗಳು ಖರ್ಚು ಜಾಸ್ತಿ ಬರುತ್ತದೆ. ಜೂನ್‌ನಲ್ಲಿ ಶಾಲೆ ಶುರು. ದಸರಾದಲ್ಲಿ ಹೂವಿನವರಿಗೆ, ತಿಂಡಿ ಗಾಡಿಯವರಿಗೆ ಬಂಡವಾಳ ಬೇಕು. ಇಂಥದ್ದು ಒಮ್ಮೆ ಹೊರಗೆ ಬಂದರೆ ಸಂಘ ಯಾಕೆ ಬೇಕು ಅಂತ ಯಾರೂ ಭಾಷಣ ಮಾಡಬೇಕಿಲ್ಲ.

ಎರಡನೇ ಸಭೆಯಲ್ಲಿ ಹೆಸರು ಇಡಿ, ನಿಯಮ ಬರೆಯಿರಿ. ಒಂದು ಪುಟ ಸಾಕು. ವಾರದ ಉಳಿತಾಯ ಎಷ್ಟು, ಸಭೆ ಯಾವಾಗ, ತಡವಾಗಿ ಬಂದರೆ ದಂಡ ಎಷ್ಟು, ಒಳಸಾಲಕ್ಕೆ (ಸಂಘದ ದುಡ್ಡಿನಿಂದಲೇ ಸದಸ್ಯರಿಗೆ ಕೊಡುವ ಸಾಲ) ಬಡ್ಡಿ ಎಷ್ಟು, ಯಾರಿಗೆ ಮೊದಲು ಸಾಲ, ಬಿಟ್ಟುಹೋಗುವವರ ದುಡ್ಡು ಹೇಗೆ ಕೊಡಬೇಕು. ಕೊನೆಯದನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ಬಾಡಿಗೆ ಮನೆಯವರ ಸಂಘದಲ್ಲಿ ಅದೇ ಮುಖ್ಯ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೂರನೇ ಸಭೆಯಲ್ಲಿ ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ. ಓದಿದವಳೇ ಅಧ್ಯಕ್ಷೆ ಆಗಬೇಕಿಲ್ಲ. ಓದಿದವಳು ಲೆಕ್ಕ ಬರೆಯಲಿ, ಎಲ್ಲರ ಮಾತು ಕೇಳುವವಳು ಅಧ್ಯಕ್ಷೆ ಆಗಲಿ. ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ವರ್ಷಕ್ಕೊಮ್ಮೆ ಬದಲಿಸಿ. "ನೀನೇ ಇರಮ್ಮ, ನಮಗೇನು ಗೊತ್ತಾಗುತ್ತೆ" ಅಂತ ಎಲ್ಲರೂ ಅನ್ನುವ ದಿನವೇ ಬದಲಿಸಬೇಕಾದ ದಿನ.

ನಾಲ್ಕನೇ ಸಭೆಯಿಂದ ಉಳಿತಾಯ. ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತದಲ್ಲ, ಅದರಲ್ಲೇ ಕಟ್ಟೋಣ ಅಂತ ಹಲವರು ಹೇಳುತ್ತಾರೆ. 2023ರ ಆಗಸ್ಟ್ 30ರಂದು ಇದೇ ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ ಆ ಯೋಜನೆ ಶುರುವಾಯಿತು, ನಮ್ಮ ಹೆಂಗಸರಿಗೆ ಅದರಿಂದ ನಿಜವಾಗಲೂ ಆಸರೆ ಆಗಿದೆ. ಆದರೂ ವಾರದ ಉಳಿತಾಯವನ್ನು ಅದಕ್ಕೆ ಕಟ್ಟಿಹಾಕಬೇಡಿ. ಕಂತು ತಡವಾದ ತಿಂಗಳು ಇಡೀ ಸಂಘದ ಉಳಿತಾಯ ನಿಂತುಬಿಡುತ್ತದೆ. ಸ್ವಂತ ದುಡಿಮೆಯಿಂದ ಎಷ್ಟಾಗುತ್ತದೋ ಅಷ್ಟು ಇಡಿ. ಆ ಹಣ ಬಂದಾಗ ವಿಶೇಷ ಉಳಿತಾಯ ಅಂತ ಬೇರೆ ಕಾಲಂನಲ್ಲಿ ಬರೆಯಿರಿ.

ಬುಕ್ಕು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಬೇಕಾಗುವ ಪುಸ್ತಕಗಳು ನಾಲ್ಕು. ಸಭೆಯ ನಡಾವಳಿ, ಉಳಿತಾಯ-ಸಾಲದ ಲೆಡ್ಜರ್, ನಗದು ಪುಸ್ತಕ, ಮತ್ತು ಪ್ರತಿ ಸದಸ್ಯೆಗೂ ಒಂದು ಪಾಸ್‌ಬುಕ್. ಸ್ಟೇಷನರಿ ಅಂಗಡಿಯ ಉದ್ದ ನೋಟ್‌ಬುಕ್ಕೇ ಸಾಕು, ಪೆನ್ಸಿಲ್ ಬೇಡ, ಪೆನ್ನಿನಲ್ಲಿ ಬರೆಯಿರಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆದು ಇಬ್ಬರು ಸಹಿ ಹಾಕಿ. ವೈಟ್ನರ್ ಹಚ್ಚಿದ ಬುಕ್ಕನ್ನು ಯಾರೂ ನಂಬುವುದಿಲ್ಲ.

ಒಂದು ಭಾನುವಾರದ ನಗದು ಪುಟ ಹೇಗಿರುತ್ತದೆ ನೋಡಿ. ಹದಿನಾಲ್ಕು ಸದಸ್ಯೆಯರ ಉಳಿತಾಯ 700. ಮೂರು ಜನ ತಲಾ 500 ಸಾಲದ ಕಂತು ಕಟ್ಟಿದರು, 1,500. ಅವರ ಬಾಕಿ 5,000, 4,000, 3,000 ಇತ್ತು, ನೂರಕ್ಕೆ ತಿಂಗಳಿಗೆ 2 ರೂಪಾಯಿಯಂತೆ ಬಡ್ಡಿ 100, 80, 60, ಒಟ್ಟು 240. ಇಬ್ಬರು ತಡವಾಗಿ ಬಂದರು, ದಂಡ 10. ಹೋದ ವಾರದ ಕೈನಗದು 150. ಎಲ್ಲ ಸೇರಿ 2,600. ಅದರಲ್ಲಿ ಮಗಳ ಕಾಲೇಜು ಫೀಸಿಗೆ ಒಬ್ಬರಿಗೆ 2,000 ಸಾಲ ಕೊಟ್ಟಾಯಿತು. 500 ಬ್ಯಾಂಕಿಗೆ. ಕೈಯಲ್ಲಿ ಉಳಿದದ್ದು 100.

ಈ ಪುಟವನ್ನು ಸಭೆಯಲ್ಲೇ ಬರೆಯಬೇಕು. ಮನೆಗೆ ಹೋಗಿ ಬರೆಯುತ್ತೇನೆ ಅನ್ನುವುದು ಬೇಡ. ದುಡ್ಡು ಚಾಪೆಯ ಮಧ್ಯ ಇಡಿ. ಒಬ್ಬರು ಎಣಿಸಲಿ, ಇನ್ನೊಬ್ಬರು ಮತ್ತೆ ಎಣಿಸಲಿ, ಮೂರನೆಯವರು ಜೋರಾಗಿ ಹೇಳಲಿ. ಎಣಿಸುವವರು ಪ್ರತಿ ವಾರ ಬೇರೆಯಾಗಿರಲಿ. ಕೊನೆಯಲ್ಲಿ ಕಾರ್ಯದರ್ಶಿ ಇಡೀ ಪುಟವನ್ನು ಗಟ್ಟಿಯಾಗಿ ಓದಬೇಕು. ಪ್ರತಿಯೊಬ್ಬಳೂ ತನ್ನ ಹೆಸರು ಬಂದಾಗ ಮೊತ್ತ ಹೇಳಿ "ಹೌದು" ಅನ್ನಬೇಕು. ಹದಿನಾಲ್ಕು ಜನಕ್ಕೆ ಹತ್ತು ನಿಮಿಷ ಆಗುತ್ತದೆ. ಆ ಹತ್ತು ನಿಮಿಷ ಉಳಿಸಲು ಹೋಗಬೇಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಾನು ಜೊತೆಗಿದ್ದ ಒಂದು ಸಂಘ ಒಡೆದದ್ದು ಇದೇ ಕಾರಣಕ್ಕೆ. ಖಜಾಂಚಿ ಒಳ್ಳೆಯವಳು, ಎಲ್ಲರಿಗೂ ಬೇಕಾದವಳು. ಮಳೆ ಬಂತು ಅಂತ ಒಂದು ವಾರ ಓದಲಿಲ್ಲ, ಹಬ್ಬ ಅಂತ ಇನ್ನೊಂದು ವಾರ. ಆಮೇಲೆ ಓದುವ ಅಭ್ಯಾಸವೇ ಹೋಯಿತು. ಅವಳ ಮಗನಿಗೆ ಡೆಂಗಿ ಆದಾಗ ಸಂಘದ 6,000 ರೂಪಾಯಿ ಆಸ್ಪತ್ರೆಗೆ ಕಟ್ಟಿದಳು. ಕೇಳಿದ್ದರೆ ಎಲ್ಲರೂ ಕೊಡುತ್ತಿದ್ದರು. ಕೇಳಲು ಸಭೆಯೇ ಆಗಿರಲಿಲ್ಲ. ಗೊತ್ತಾದ ದಿನ ಬೀದಿಯಲ್ಲಿ ಅವಳಿಗೆ "ಕಳ್ಳಿ" ಅಂದರು. ಅವಳು ಮನೆ ಖಾಲಿ ಮಾಡಿ ಹೋದಳು. ಆಗ ಲೆಕ್ಕ ನೋಡಬೇಕಾಗಿದ್ದ ನಾನು ಎರಡು ತಿಂಗಳು ಆ ಕಡೆ ಹೋಗಿರಲಿಲ್ಲ. ಅದು ಇವತ್ತಿಗೂ ನನ್ನ ಮನಸ್ಸನ್ನು ಕೊರೆಯುತ್ತದೆ.

ಓದಲು ಬಾರದವರ ಪಾಸ್‌ಬುಕ್ಕಿನಲ್ಲಿ ಪ್ರತಿ ವಾರದ ಉಳಿತಾಯಕ್ಕೆ ಒಂದು ಚುಕ್ಕಿ ಹಾಕಿ, ಸಾಲದ ಪ್ರತಿ ಕಂತಿಗೆ ಒಂದು ಅಡ್ಡಗೆರೆ. ಅವರು ಚುಕ್ಕಿ ಎಣಿಸಿ ಲೆಕ್ಕ ಹೇಳುತ್ತಾರೆ. ಜೊತೆಗೆ ಸಹಿ ಕಲಿಸಿ. ಐವತ್ತು ದಾಟಿದ ಒಬ್ಬ ಬೀಡಿ ಕಟ್ಟುವ ಹೆಂಗಸು ನಮ್ಮ ಸಂಘದಲ್ಲಿದ್ದರು. ಬೀಡಿ ಎಲೆ ಸುತ್ತಿ ಸುತ್ತಿ ಬೆರಳ ತುದಿ ಸವೆದು ಹೆಬ್ಬೆಟ್ಟೂ ಸರಿಯಾಗಿ ಮೂಡುತ್ತಿರಲಿಲ್ಲ. ರೇಷನ್ ಅಂಗಡಿಯ ಮಿಷನ್ನಿನಲ್ಲೂ ಅದೇ ಗೋಳು. ಮೊಮ್ಮಗಳ ಸ್ಲೇಟಿನ ಮೇಲೆ ಹೆಸರಿನ ಮೂರು ಅಕ್ಷರ ತಿದ್ದಲು ಅವರಿಗೆ ಐದು ವಾರ ಹಿಡಿಯಿತು. ಮೊದಲ ಸಹಿ ಹಾಕಿದ ದಿನ ಆ ಪುಟವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ಇದು ನಂದೇನಾ?" ಅಂದರು.

ಒಳಸಾಲ ಮತ್ತು ಬಡ್ಡಿ

ದುಡ್ಡು ಒಂದೆರಡು ತಿಂಗಳು ಸೇರಿದ ಮೇಲೆ ಸುಮ್ನೆ ಬ್ಯಾಂಕಿನಲ್ಲಿ ಇಡಬೇಡಿ. ಸಂಘದೊಳಗೆ ಸುತ್ತಬೇಕು. ಬ್ಯಾಂಕಿನವರೂ ಮುಂದೆ ನೋಡುವುದು ಇದನ್ನೇ. ಪಂಚಸೂತ್ರ ಅಂತ ಹೇಳುತ್ತಾರೆ: ತಪ್ಪದ ಸಭೆ, ತಪ್ಪದ ಉಳಿತಾಯ, ಒಳಸಾಲ, ಸಕಾಲಕ್ಕೆ ಮರುಪಾವತಿ, ಸರಿಯಾದ ಲೆಕ್ಕ.

ಬಡ್ಡಿ ನೂರಕ್ಕೆ ತಿಂಗಳಿಗೆ ಒಂದು ಅಥವಾ ಎರಡು ರೂಪಾಯಿ ಇಡಿ. ಅದಕ್ಕಿಂತ ಮುಖ್ಯವಾದದ್ದು ಬಡ್ಡಿ ಹಾಕುವ ರೀತಿ. 5,000 ರೂಪಾಯಿ ಸಾಲ, ಹತ್ತು ಕಂತು, ತಿಂಗಳಿಗೆ 500 ಅಸಲು ಅಂದುಕೊಳ್ಳಿ. ಎರಡು ರೂಪಾಯಿ ಬಡ್ಡಿಯನ್ನು ಉಳಿದ ಬಾಕಿಯ ಮೇಲೆ ಮಾತ್ರ ಹಾಕಿದರೆ ಮೊದಲ ತಿಂಗಳು 100, ಆಮೇಲೆ 90, 80 ಹೀಗೆ ಇಳಿದು ಒಟ್ಟು 550 ಆಗುತ್ತದೆ. ಅದೇ ಎರಡು ರೂಪಾಯಿಯನ್ನು ಪ್ರತಿ ತಿಂಗಳೂ ಪೂರ್ತಿ 5,000ದ ಮೇಲೆ ಹಾಕಿದರೆ 1,000 ಆಗುತ್ತದೆ. ಹೇಳುವುದು ಎರಡೂ ಕಡೆ "ಎರಡು ರೂಪಾಯಿ ಬಡ್ಡಿ" ಅಂತಲೇ. ಹೊರಗೆ ಸಾಲ ತಗೊಳ್ಳುವಾಗಲೂ ಈ ಪ್ರಶ್ನೆ ಕೇಳುವುದನ್ನು ಕಲಿಯಿರಿ: "ಬಡ್ಡಿ ಬಾಕಿಯ ಮೇಲಾ, ಪೂರ್ತಿ ಸಾಲದ ಮೇಲಾ?"

ಯಾರಿಗೆ ಮೊದಲು ಸಾಲ ಅನ್ನುವಲ್ಲಿ ಜಗಳ ಬರುತ್ತದೆ. ಚೀಟಿ ಎತ್ತುವುದು ಸುಲಭ, ಆದರೆ ನ್ಯಾಯ ಅಲ್ಲ. ಆಸ್ಪತ್ರೆ, ಮಕ್ಕಳ ಓದು, ಬಡ್ಡಿಯವನ ಸಾಲ ತೀರಿಸುವುದು, ದುಡಿಮೆಯ ಬಂಡವಾಳ ಎಂದು ಒಂದು ಕ್ರಮ ಮೊದಲೇ ಬರೆದಿಟ್ಟುಕೊಳ್ಳಿ. ಪದಾಧಿಕಾರಿಗಳು ಕೊನೆಗೆ. ಬೈಕಿಗೆ ಸಾಲ ತಾ ಅಂತ ಗಂಡ ಕೇಳಿದರೆ ಇಲ್ಲ ಅನ್ನಲು ಹೆಂಡತಿಯೊಬ್ಬಳಿಗೇ ಮನೆಯಲ್ಲಿ ಧೈರ್ಯ ಇರುವುದಿಲ್ಲ. "ಸಂಘದಲ್ಲಿ ಒಪ್ಪಲಿಲ್ಲ" ಅಂತ ಹೇಳಲು ಅವಳಿಗೊಂದು ಆಸರೆ ಆಗುತ್ತದೆ, ಅಲ್ವಾ.

ಬ್ಯಾಂಕ್ ಬಾಗಿಲು

ಖಾತೆಯನ್ನು ಮೊದಲ ತಿಂಗಳೇ ತೆರೆಯಿರಿ. ಸಂಘದ ಹೆಸರಿನಲ್ಲಿ ಉಳಿತಾಯ ಖಾತೆ, ಮೂವರು ಪದಾಧಿಕಾರಿಗಳಲ್ಲಿ ಇಬ್ಬರ ಸಹಿ ಕಡ್ಡಾಯ. ಒಯ್ಯಬೇಕಾದ್ದು: ಖಾತೆ ತೆರೆಯುವ ನಿರ್ಣಯ ಬರೆದ ನಡಾವಳಿಯ ಪ್ರತಿ, ಸಂಘದ ನಿಯಮಗಳ ಪ್ರತಿ, ಸಂಘದ ರಬ್ಬರ್ ಮೊಹರು, ಪದಾಧಿಕಾರಿಗಳ ಆಧಾರ್, ಪ್ಯಾನ್ ಮತ್ತು ಫೋಟೊ. ಇಪ್ಪತ್ತು ಜನದೊಳಗಿನ ಸಂಘಕ್ಕೆ ನೋಂದಣಿ ಬೇಕಿಲ್ಲ.

ಕೌಂಟರಿನಲ್ಲಿ "ಎಲ್ಲ ಹದಿನಾಲ್ಕು ಜನರ ದಾಖಲೆ ತನ್ನಿ" ಅನ್ನಬಹುದು. ನಮಗೆ ಒಂದು ಶಾಖೆಯಲ್ಲಿ ಹಾಗೇ ಹೇಳಿ ಮೂರು ಸಲ ಓಡಾಡಿಸಿದರು. ಒಂದು ದಿನದ ಕೂಲಿ ಬಿಟ್ಟು ಬಂದ ಹೆಂಗಸರು ಅವರು. ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಸ್ಪಷ್ಟವಾಗಿದೆ: ಸಂಘದ ಉಳಿತಾಯ ಖಾತೆ ತೆರೆಯಲು ಪದಾಧಿಕಾರಿಗಳ ಕೆವೈಸಿ (ಗುರುತು, ವಿಳಾಸದ ದಾಖಲೆ) ಸಾಕು. ಎಲ್ಲರ ದಾಖಲೆ ಸಾಲ ಕೊಡುವ ಹಂತದಲ್ಲಿ ನೋಡಬಹುದು. ಗಟ್ಟಿ ದನಿ ಬೇಡ, ನಿಧಾನವಾಗಿ ಇದನ್ನು ಹೇಳಿ, ಮ್ಯಾನೇಜರ್ ಹತ್ತಿರ ಹೋಗಿ. ಬಾಡಿಗೆ ಮನೆಯವರ ಆಧಾರ್‌ನಲ್ಲಿ ನಂಜನಗೂಡಿನದೋ ಕೊಳ್ಳೇಗಾಲದ್ದೋ ಊರಿನ ವಿಳಾಸ ಇರುತ್ತದೆ. ಪದಾಧಿಕಾರಿ ಆಗುವವರ ವಿಳಾಸ ಮೊದಲೇ ತಿದ್ದಿಸಿಕೊಂಡರೆ ಅರ್ಧ ತಲೆನೋವು ಕಮ್ಮಿ.

ಆರು ತಿಂಗಳು ಸಂಘ ಚೆನ್ನಾಗಿ ನಡೆದ ಮೇಲೆ ಬ್ಯಾಂಕ್ ಸಾಲ ಕೇಳಬಹುದು. ಮ್ಯಾನೇಜರ್ ಮೊದಲು ತೆರೆಯುವುದು ಬುಕ್ಕನ್ನೇ. ಸಂಘದ ಉಳಿತಾಯದ ಒಂದರಿಂದ ನಾಲ್ಕು ಪಟ್ಟು ಸಾಲ ಅನ್ನುವುದು ನಬಾರ್ಡ್ ಮೊದಲಿನಿಂದ ಇಟ್ಟ ಅಳತೆ. ವಾರಕ್ಕೆ 700ರಂತೆ 26 ವಾರಕ್ಕೆ 18,200 ಆಗುತ್ತದೆ. ಅದರಲ್ಲಿ ಒಳಸಾಲವಾಗಿ ಹೊರಗಿರುವ ದುಡ್ಡೂ ಸೇರುತ್ತದೆ, ಖಾತೆಯಲ್ಲಿ ಇರುವುದಷ್ಟೇ ಅಲ್ಲ. ಇದನ್ನು ಲೆಡ್ಜರ್ ತೋರಿಸಿ ವಿವರಿಸಿ. ಇಂಥ ಸಾಲಕ್ಕೆ ಅಡಮಾನ ಬೇಕಿಲ್ಲ.

ಸಿಗುತ್ತದೆ ಅಂತ ಪೂರ್ತಿ ನಾಲ್ಕು ಪಟ್ಟು ತಗೊಳ್ಳಬೇಡಿ. ಮೊದಲ ಸಾಲ ಚಿಕ್ಕದಿರಲಿ. ಎಲ್ಲರಿಗೂ ಸಮವಾಗಿ ಹಂಚುವುದಂತೂ ಬೇಡವೇ ಬೇಡ. ಬೇಡದವಳಿಗೂ ಐದು ಸಾವಿರ ಕೊಟ್ಟರೆ ಅದು ಟಿವಿ ಕಂತಿಗೆ ಹೋಗುತ್ತದೆ.

ಖಾತೆ ಇದ್ದ ಮೇಲೆ ಪ್ರತಿ ಸದಸ್ಯೆಯ ಸ್ವಂತ ಖಾತೆಯಿಂದ ಎರಡು ವಿಮೆ ಮಾಡಿಸಿ. ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಅಪಘಾತಕ್ಕೆ, 436 ರೂಪಾಯಿಯ ಜೀವನ್ ಜ್ಯೋತಿ ಸಾವಿಗೆ. ಒಂದೊಂದಕ್ಕೂ 2 ಲಕ್ಷ. ಜೀವನ್ ಜ್ಯೋತಿಗೆ ಸೇರಲು 50 ವರ್ಷದೊಳಗಿರಬೇಕು, ಹಾಗಾಗಿ ನಲವತ್ತೊಂಬತ್ತರವರನ್ನು ಮೊದಲು ಕಳಿಸಿ.

ಪಾಲಿಕೆ ಕಚೇರಿಯಲ್ಲಿ ಏನು ಕೇಳಬೇಕು

ಮೈಸೂರಾದರೆ ಮಹಾನಗರ ಪಾಲಿಕೆ, ಮಂಡ್ಯವಾದರೆ ನಗರಸಭೆ. ನಗರದ ಬಡವರಿಗಾಗಿ ಕೇಂದ್ರ 2013ರಲ್ಲಿ ತಂದ ನಗರ ಜೀವನೋಪಾಯ ಮಿಷನ್ನಿನಲ್ಲಿ ಸಂಘಕ್ಕೆ 10,000 ರೂಪಾಯಿ ಸುತ್ತುನಿಧಿ (ಒಳಸಾಲಕ್ಕೆ ಸುತ್ತಿಸಲು ಸರ್ಕಾರ ಕೊಡುವ ಹಣ), ಹತ್ತಿಪ್ಪತ್ತು ಸಂಘ ಸೇರಿದ ಒಕ್ಕೂಟಕ್ಕೆ 50,000 ಎಂದು ಇತ್ತು. ಯೋಜನೆಗಳ ಹೆಸರು, ಮೊತ್ತ ಬದಲಾಗುತ್ತಲೇ ಇರುತ್ತವೆ. ನೀವು ಕೇಳುವ ಪ್ರಶ್ನೆ ಬದಲಾಗಬೇಕಿಲ್ಲ. ಈಗ ನಡೆಯುತ್ತಿರುವ ಜೀವನೋಪಾಯ ಯೋಜನೆ ಯಾವುದು, ಸುತ್ತುನಿಧಿ ಇದೆಯಾ, ಬಡ್ಡಿ ಸಹಾಯಧನ ಇದೆಯಾ, ನಮ್ಮ ವಾರ್ಡಿನ ಸಮುದಾಯ ಸಂಘಟಕರು ಯಾರು. ಕೊಟ್ಟ ಅರ್ಜಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಬರಬೇಡಿ. ಬೀದಿ ವ್ಯಾಪಾರದವರು ಅಲ್ಲೇ ತಮಗೆ ಸಾಲ ಕೊಡಿಸುವ ಪಿಎಂ ಸ್ವನಿಧಿ ಯೋಜನೆಯ ಬಗ್ಗೆಯೂ ಕೇಳಿ. ಮನೆಗೆಲಸ, ಬೀಡಿ, ಊದುಬತ್ತಿ ಕೆಲಸದವರು ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡು ಮಾಡಿಸಿಕೊಳ್ಳಿ, ಅದಕ್ಕೆ ಕಾಸು ಕೊಡಬೇಕಿಲ್ಲ.

ಸುತ್ತುನಿಧಿಗಾಗಿಯೇ ಸಂಘ ಕಟ್ಟಬೇಡಿ. ಹಾಗೆ ಕಟ್ಟಿದವು ಆ ಹಣ ಹಂಚಿಕೊಂಡ ಮಾರನೇ ವಾರವೇ ಮುಗಿದದ್ದನ್ನು ನೋಡಿದ್ದೇನೆ.

ಕೂಡಿ ದುಡಿಯುವುದಾದರೆ

ಎಲ್ಲ ಸಂಘವೂ ಉಪ್ಪಿನಕಾಯಿ, ಹಪ್ಪಳ ಮಾಡಲೇಬೇಕು ಅಂತ ಏನಿಲ್ಲ. ಎಷ್ಟೋ ಸಂಘದಲ್ಲಿ ಪ್ರತಿಯೊಬ್ಬಳೂ ತನ್ನದೇ ಕೆಲಸಕ್ಕೆ ಒಳಸಾಲ ತಗೊಂಡರೆ ಸಾಕು. ಹೊಲಿಗೆ ಮಿಷನ್ನಿಗೆ ಮೋಟಾರು, ತಳ್ಳುಗಾಡಿಗೆ ಹೊಸ ಚಕ್ರ, ಹೂವಿಗೆ ದಿನದ ಬಂಡವಾಳ.

ಕೂಡಿ ಮಾಡುವುದೇ ಆದರೆ ಮೊದಲು ಬೆಲೆ ಕಟ್ಟುವುದು ಕಲಿಯಿರಿ. ನಮ್ಮ ಒಂದು ಸಂಘ ಚಟ್ನಿಪುಡಿ ಮಾಡಿತು. ಕಿಲೋಗೆ ಸಾಮಾನು 260, ಮಿಲ್ಲಿಗೆ 20, ಗ್ಯಾಸ್ 25, ಕವರ್ ಮತ್ತು ಲೇಬಲ್ 30, ಒಟ್ಟು 335. ಮಾರಿದ್ದು 400ಕ್ಕೆ. 65 ಲಾಭ ಅಂತ ಖುಷಿಪಟ್ಟರು. ಆಮೇಲೆ ಕೂತು ನೋಡಿದಾಗ ಐದು ಕಿಲೋ ಮಾಡಲು ಇಬ್ಬರು ಐದೈದು ಗಂಟೆ ಒಲೆ ಮುಂದೆ ನಿಂತಿದ್ದರು. ಗಂಟೆಗೆ 60 ರೂಪಾಯಿ ಹಿಡಿದರೂ ಹತ್ತು ಗಂಟೆಗೆ 600, ಕಿಲೋಗೆ 120. ನಿಜವಾದ ಖರ್ಚು 455. ಪ್ರತಿ ಕಿಲೋಗೂ 55 ನಷ್ಟ! ತಮ್ಮ ಕೂಲಿಯನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮನೆಯಲ್ಲಿ ಯಾರೂ ಅದನ್ನು ಲೆಕ್ಕ ಹಾಕಿಲ್ಲ, ಇಲ್ಲಿ ಮಾತ್ರ ಎಲ್ಲಿಂದ ಹೊಳೆಯಬೇಕು? ಈಗ ಅವರ ಬುಕ್ಕಿನಲ್ಲಿ "ನಮ್ಮ ಕೂಲಿ" ಅಂತ ಒಂದು ಕಾಲಂ ಇದೆ.

ತಿನ್ನುವ ಪದಾರ್ಥ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಮೂಲ ನೋಂದಣಿ ಮಾಡಿಸಿ. ಅದರ 14 ಅಂಕಿಯ ನಂಬರನ್ನು ಲೇಬಲ್ ಮೇಲೆ ಹಾಕಿ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಉಚಿತ, ಅದಕ್ಕೆ ದುಡ್ಡು ಕೇಳುವ ಮಧ್ಯವರ್ತಿಗೆ ಕೊಡಬೇಡಿ. ದಸರಾ ವಸ್ತುಪ್ರದರ್ಶನ, ಆಹಾರ ಮೇಳ, ಹೆಬ್ಬಾಳದ ಕಡೆಯ ಕರಕುಶಲ ಸಂತೆ ಅರ್ಬನ್ ಹಾತ್ ಇವೆಲ್ಲ ಮೈಸೂರಿಗೆ ಸಿಕ್ಕ ಅನುಕೂಲ. ಮಳಿಗೆಗೆ ಹಬ್ಬ ಹತ್ತಿರ ಬಂದಾಗ ಓಡಿದರೆ ಸಿಗುವುದಿಲ್ಲ, ಎರಡು ಮೂರು ತಿಂಗಳು ಮುಂಚೆಯೇ ವಿಚಾರಿಸಿ. ಆದರೆ ವರ್ಷವಿಡೀ ಅನ್ನ ಹಾಕುವುದು ಅಕ್ಕಪಕ್ಕದ ಪಿಜಿ, ಹಾಸ್ಟೆಲ್ಲು, ನೀವೇ ಕೆಲಸಕ್ಕೆ ಹೋಗುವ ಮನೆಗಳು.

ಕಂತು ತಪ್ಪಿದಾಗ, ಮನೆ ಬದಲಾದಾಗ

ಕಂತು ತಪ್ಪಿದವಳ ಮನೆ ಮುಂದೆ ಗುಂಪಾಗಿ ನಿಲ್ಲಬೇಡಿ. ಅದು ಬಡ್ಡಿಯವರ ರೀತಿ. ಇಬ್ಬರು ಹೋಗಿ ಕೂತು ಮಾತಾಡಿ. ಬಹಳ ಸಲ ಕಾರಣ ಬೇರೆ ಇರುತ್ತದೆ. ಕೆಲಸದ ಮನೆಯವರು ಬಿಡಿಸಿರುತ್ತಾರೆ, ಗಂಡ ದುಡ್ಡು ಕಿತ್ತುಕೊಂಡು ಹೊಡೆದಿರುತ್ತಾನೆ. ಹೊಡೆತ ಇದ್ದರೆ ಕಂತಿನ ಮಾತು ಪಕ್ಕಕ್ಕಿಡಿ. ಮಹಿಳಾ ಸಹಾಯವಾಣಿ 181 ಇದೆ, ಅವಳ ಜೊತೆ ಠಾಣೆಗೋ ಆಸ್ಪತ್ರೆಗೋ ಹೋಗಲು ಇಬ್ಬರು ಬೇಕು. ಕಂತನ್ನು ಮುಂದಕ್ಕೆ ಹಾಕಿ, ಹಾಗೆ ಹಾಕಿದ್ದನ್ನು ನಡಾವಳಿಯಲ್ಲಿ ಬರೆಯಿರಿ. ಆದರೆ ಅವಳ ಮನೆಯ ಕಾರಣ ಬುಕ್ಕಿನಲ್ಲಿ ಬರೆಯಬೇಡಿ. ಬುಕ್ಕು ಎಲ್ಲರೂ ನೋಡುವಂಥದ್ದು.

ಇನ್ನು ಮನೆ ಬದಲಾಗುವುದು. ಹಳ್ಳಿಯ ಸಂಘಕ್ಕೆ ಈ ತಾಪತ್ರಯ ಕಮ್ಮಿ. ಇಲ್ಲಿ ಹನ್ನೊಂದು ತಿಂಗಳ ಕರಾರು ಮುಗಿದರೆ, ಭೋಗ್ಯದ ದುಡ್ಡು ಓನರ್ ವಾಪಸ್ ಕೊಟ್ಟರೆ, ಸಾಮಾನು ಆಟೋಗೆ ಹಾಕಿಕೊಂಡು ಹೊರಡಬೇಕು. ಅದಕ್ಕೇ ನಿಯಮದಲ್ಲಿ ಬರೆಯಿರಿ: ಹೊರಡುವವಳ ಉಳಿತಾಯ, ಅದರ ಪಾಲಿನ ಬಡ್ಡಿ, ಕಳೆಯಬೇಕಾದ ಸಾಲ, ಎಲ್ಲ ಲೆಕ್ಕ ಹಾಕಿ ಎಷ್ಟು ದಿನದೊಳಗೆ ಕೊಡಬೇಕು ಅಂತ. ಮೂವತ್ತು ದಿನ ಸರಿ ಹೋಗುತ್ತದೆ. ವರ್ಷಕ್ಕೊಮ್ಮೆ, ಯುಗಾದಿಯ ಆಚೀಚೆ, ಬೇರೆ ಸಂಘದ ಲೆಕ್ಕ ಬಲ್ಲವರೊಬ್ಬರನ್ನು ಕರೆದು ಎಲ್ಲ ಪಾಸ್‌ಬುಕ್ಕನ್ನೂ ಲೆಡ್ಜರ್ ಜೊತೆ ತಾಳೆ ನೋಡಿಸಿ. ಆಗ ಯಾರ ಪಾಲು ಎಷ್ಟು ಅನ್ನುವುದು ಯಾವಾಗಲೂ ತಯಾರಿರುತ್ತದೆ.

ಹೊರಡುವವಳೇ ಬಿಡಲು ಒಪ್ಪದಿದ್ದರೆ ಅವಳನ್ನು ಕಳಿಸಬೇಡಿ. ನಮ್ಮ ಸಂಘದ ಒಬ್ಬ ಊದುಬತ್ತಿ ಹೊಸೆಯುವವಳ ಮನೆ ಈಗ ಹೂಟಗಳ್ಳಿಯ ಕಡೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರು ಬಸ್ಸಿಗೆ ದುಡ್ಡು ಕೊಡಬೇಕಿಲ್ಲವಲ್ಲ, ಭಾನುವಾರ ಎರಡು ಬಸ್ಸು ಬದಲಿಸಿ ಬರುತ್ತಾಳೆ. ಹೋದ ವಾರ ಎಣಿಸುವ ಸರದಿ ಅವಳದಿತ್ತು. ನೋಟು ಎಣಿಸಿ, ಚಿಲ್ಲರೆ ಜೋಡಿಸಿ, ಮೊತ್ತ ಕೂಗಿದಳು. ಆಮೇಲೆ ಪರ್ಸಿನಿಂದ ಎರಡು ಜೀರೋ ಟಿಕೆಟ್ ತೆಗೆದು ಪಾಸ್‌ಬುಕ್ಕಿನ ಆ ವಾರದ ಪುಟದಲ್ಲಿ ಇಟ್ಟಳು.